ನಾಯಿ ಆಯದ ಕುರ್ಚಿ

ಆರು ವರ್ಷ ತುಂಬಿದರೂ ನನ್ನ ಮಗಳಿಗೆ ಕುರ್ಚಿಯಲ್ಲಿ ಕೂರುವುದು ಎಂದರೆ ಜಾರುವುದೇ ಆಗಿತ್ತು. ಹುಟ್ಟಿದಾಗಿನಿಂದ ಬೆನ್ನಿಗೆ ಬಲ ಕಡಿಮೆ. ನಡಿಗೆ ತಡವಾಗಿ ಬಂತು, ಮಾತು ಮಾತ್ರ ಬೇಗ ಬಂತು. ಬೆನ್ನಿಗೆ ಹಾಕಬೇಕಾದದ್ದನ್ನೂ ಶಿವ ನಾಲಿಗೆಗೇ ಹಾಕಿಬಿಟ್ಟಿದ್ದ. ಊಟಕ್ಕೆ ಕೂರಿಸಿದರೆ ಬೀಳದಂತೆ ಎರಡು ಕೈಯಲ್ಲೂ ಕುರ್ಚಿಯನ್ನು ಹಿಡಿದುಕೊಳ್ಳುತ್ತಿದ್ದಳು. ಮುದ್ದೆ ಮುರಿಯಲು ಮೂರನೇ ಕೈ ಎಲ್ಲಿಂದ ತರುವುದು? ಆ ಮೂರನೇ ಕೈ ನಾನಾಗಿದ್ದೆ.

ಆ ಬೇಸಿಗೆಯಲ್ಲಿ ಹೊಳಲ್ಕೆರೆಯ ನಮ್ಮ ಬೀದಿಯ ಶಾಲೆಗೆ ಹೋಗಿ ಕೇಳಿದೆ. ಮೇಡಂ ಒಳ್ಳೆಯವರೇ, ಆದರೆ ಕಡ್ಡಿ ಮುರಿದಂತೆ ಹೇಳಿದರು. "ನಲವತ್ತು ಮಕ್ಕಳದಾವೆ ಕಣಮ್ಮ, ಒಬ್ಬಳನ್ನೇ ಹಿಡ್ಕಂಡು ಕೂರಾಕಾಗಲ್ಲ. ಅವಳಿಗೆ ಆಗೋ ಕುರ್ಚಿ ನೀವೇ ತನ್ರಿ. ತಾನೇ ಕುಂತು ಬರೆದ್ರೆ ಒಂದನೇ ಕ್ಲಾಸು. ಇಲ್ಲಾಂದ್ರೆ ಇನ್ನೊಂದು ವರ್ಷ ಅಂಗನವಾಡಿ."

ಮಗಳು ಇದನ್ನು ಕೇಳಿಸಿಕೊಂಡಳು. ದಾರಿಯಲ್ಲಿ, "ಅಂಗನವಾಡೀಲಿ ಎಲ್ಲಾರೂ ಚಡ್ಡೀಲಿ ಉಚ್ಚೆ ಹೊಯ್ಕಂತಾರೆ, ನಾನು ಹೋಗಲ್ಲ" ಎಂದಳು. ಮುಂದಿನದು ನನ್ನ ಕೆಲಸ ಎಂಬಂತೆ ದಾರಿಬದಿಯ ಮೇಕೆಗಳನ್ನು ನೋಡತೊಡಗಿದಳು.

ದುರ್ಗದ ಆಸ್ಪತ್ರೆಯಲ್ಲಿ ವ್ಯಾಯಾಮ ಕಲಿಸುವವರು ನನ್ನನ್ನೇ ಎತ್ತರದ ಮೇಜಿನ ಮೇಲೆ ಕೂರಿಸಿ, ಕಾಲು ನೇತಾಡುವಂತೆ ಮಾಡಿ, ಹೆಸರು ಬರೆಯಿರಿ ಎಂದರು. ಬರೆದೆ. ಕೋಳಿ ಕೆದರಿದ ಹಾಗಿತ್ತು. "ನಿಮಗೇ ಹಿಂಗೆ. ಮಗೂ ಕಾಲಿಗೆ ಒಂದು ನೆಲ ಕೊಡ್ರಿ. ಪಾದ ಪೂರ್ತಿ ಊರ್ಬೇಕು, ಮಂಡಿ ಸರಿಯಾಗಿ ಮಡಚ್ಬೇಕು. ಕೈ ತಾನೇ ಬಿಡುವಾಗ್ತೈತೆ" ಎಂದರು.

ಮೊದಲು ಕಾಲಡಿ ಇಟ್ಟಿಗೆ ಇಟ್ಟೆ, ಎತ್ತರ ಸಾಲಲಿಲ್ಲ. ರಾಗಿ ಡಬ್ಬಿ ಇಟ್ಟೆ, ಉರುಳಿತು. ಕೊನೆಗೆ ಇಟ್ಟಿಗೆಯ ಮೇಲೆ ಅತ್ತೆಯವರ ಪೂಜೆಯ ಮಣೆ ಇಟ್ಟೆ. ಎರಡು ದಿನ ಚೆನ್ನಾಗಿತ್ತು. ಮೂರನೇ ದಿನ ಅತ್ತೆ ನೋಡಿದರು. ಮುಂದಿನದನ್ನು ಬರೆಯುವುದಿಲ್ಲ. ಮಣೆ ತೊಳೆಯಲು ನೀರು ಹೊತ್ತವಳು ನಾನೇ ಎಂದಷ್ಟೇ ಹೇಳುತ್ತೇನೆ.

ದಾರಿ ಕಂಡದ್ದು ನಮ್ಮೆಜಮಾನರ ಮೋಟಾರ್ ಸಾಮಾನಿನ ಅಂಗಡಿಯಲ್ಲಿ. ಅಲ್ಲಿನ ಕಬ್ಬಿಣದ ರ‍್ಯಾಕಿನ ಕಾಲುಗಳಿಗೆ ಉದ್ದಕ್ಕೂ ತೂತು. ಸಾಮಾನು ದೊಡ್ಡದಾದರೆ ಬೋಲ್ಟು ಬಿಚ್ಚಿ ತಟ್ಟೆಯನ್ನು ಇಳಿಸುತ್ತಾರೆ. ಮಗುವೂ ದೊಡ್ಡದಾಗುವ ಸಾಮಾನೇ ಅಲ್ಲವೇ? ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ ಬರೆದೆ. ಎರಡು ಪಕ್ಕಕ್ಕೆ ಎರಡು ಹಲಗೆ, ಅದರಲ್ಲಿ ಬೆರಳಿಗೊಂದು, ಅಂದರೆ ಒಂದೊಂದು ಬೆರಳಗಲಕ್ಕೆ, ತೂತು. ಕೂರುವ ಹಲಗೆ ಮೇಲೆ ಇದ್ದಲ್ಲೇ ಇರಬೇಕು, ಕಾಲಿಡುವ ಹಲಗೆ ಮಾತ್ರ ಇಳಿಯಬೇಕು. ಅವಳು ಬೆಳೆದ ಹಾಗೆ ಒಂದೊಂದೇ ತೂತು ಕೆಳಗೆ. ರವಿಕೆ ಅಳೆಯುವ ಟೇಪು ಹಿಡಿದು ಮಗಳ ಮಂಡಿಯಿಂದ ಹಿಮ್ಮಡಿಯವರೆಗೆ ಅಳೆದೆ. "ಕಾಲಿಗೂ ಜಾಕೀಟು ಹೊಲಿತೀಯಾ?" ಎಂದು ಕೇಳಿದಳು.

ಬಡಗಿ ನಮ್ಮ ಬೀದಿಯವನೇ. ಬಾಗಿಲ ಕೆಲಸಕ್ಕೆ ಅವನನ್ನು ಹೊಸದುರ್ಗದಿಂದಲೂ ಕರೆಯುತ್ತಾರೆ, ಏಕೆಂದರೆ ಅವನು ಆಯ ನೋಡುತ್ತಾನೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಅಳತೆಯನ್ನು ಬೆರಳಲ್ಲಿ ಎಣಿಸಿ ಎಂಟರಿಂದ ಭಾಗಿಸಬೇಕು. ಒಂದು ಉಳಿದರೆ ಧ್ವಜ, ಮೂರಾದರೆ ಸಿಂಹ, ಐದಾದರೆ ಬಸವ, ಏಳಾದರೆ ಆನೆ, ಇವು ಶುಭ. ನಡುವೆ ಬರುವ ಹೊಗೆ, ನಾಯಿ, ಕತ್ತೆ, ಕಾಗೆ ಅಶುಭ. ಕಾಗೆಯ ಆಯದಲ್ಲಿ ಮಂಚ ಮಾಡಿಸಿದವರ ಕಥೆ ಅತ್ತೆಗೆ ಹತ್ತಾದರೂ ಗೊತ್ತು. ಅವರು ನನಗೆ ತಿಳಿಯದಂತೆ ಬಡಗಿಯ ಬಳಿ ಹೋಗಿ, "ಹೆಣ್ಣುಕೂಸು, ಮೊದ್ಲೇ ಕಷ್ಟದಾಗೈತೆ. ಆಯ ನೋಡ್ಕಂಡು ಮಾಡಪ್ಪ" ಎಂದು ಹೇಳಿ ಬಂದಿದ್ದರು.

ಶಾಲೆ ಶುರುವಾಗಲು ಎರಡು ದಿನ ಇರುವಾಗ ಬಡಗಿ ತನ್ನ ಸಾಮಾನಿನ ಚೀಲದ ಜೊತೆ ಕುರ್ಚಿ ಹೊತ್ತು ತಂದ. ನುಣ್ಣಗೆ ಉಜ್ಜಿದ್ದ, ಒಂದು ಸಿಬಿರು ಇಲ್ಲ. ಮಗಳನ್ನು ಕೂರಿಸಿದೆ. ಕಾಲಿನ ಹಲಗೆಯನ್ನು ಒಂದು ತೂತಿಗೆ ಹಾಕಿದರೆ ಮಂಡಿ ಮೇಲೆದ್ದಿತು. ಅದರ ಕೆಳಗಿನದಕ್ಕೆ ಹಾಕಿದರೆ ಬರೀ ಹೆಬ್ಬೆರಳು ತಗುಲಿತು, ಅವಳು ಜಾರಿ ಕುರ್ಚಿ ಹಿಡಿದಳು. ಆಗ ನೋಡಿದೆ: ತೂತುಗಳ ನಡುವೆ ಎರಡೆರಡು ಬೆರಳು ಅಂತರ.

"ಆಚಾರ್ರೇ, ಬೆರಳಿಗೊಂದು ತೂತು ಅಂದಿದ್ದೆ."

"ಒಳ್ಳೇವಷ್ಟೂ ಹೊಡೆದೀನಕ್ಕ. ಇದು ಸಿಂಹ, ಇದು ಬಸವ."

"ನಡುವಿಂದು?"

ಅವನು ಅತ್ತೆಯ ಮುಖ ನೋಡಿ ದನಿ ತಗ್ಗಿಸಿದ. "ನಾಯಿ."

"ನನ್ನ ಮಗಳ ಕಾಲು ನಾಯಿ ಹತ್ರಾನೇ ಐತೆ. ಹೊಡೀರಿ."

"ನನ್ನ ಕೈಲಿ ಹೊಡೆಸ್ಬೇಡ್ರಕ್ಕ. ಮೂರು ತಲೆಮಾರಿಂದ ಯಾರೂ ಮಾಡಿಲ್ಲ."

ಮಗಳು ಕುರ್ಚಿಯ ಮೇಲಿಂದಲೇ, "ನಂಗೆ ನಾಯೀನೇ ಬೇಕು. ಸಿಂಹ ಕಚ್ಚುತ್ತೆ" ಎಂದಳು.

ಸುಳ್ಳು ಹೇಳುವುದಿಲ್ಲ, ಆಯವನ್ನು ನಾನೂ ನಂಬುವವಳೇ. ನನ್ನ ಮಂಚವೂ ಆನೆಯದೇ. ಆದರೆ ಮಗಳ ಕೈ ನೋಡಿದೆ. ಹಿಡಿದು ಹಿಡಿದು ಬೆರಳ ಗೆಣ್ಣುಗಳು ಬೆಳ್ಳಗಾಗಿದ್ದವು. ಅತ್ತೆಯ ಕಡೆ ತಿರುಗಿದೆ.

"ಅತ್ತೆ, ದಿನಾ ಬೆಳಿಗ್ಗೆ ಲಿಂಗಪೂಜೇಲಿ ಶಿವ ನಿಮ್ಮ ಅಂಗೈ ಮೇಲೆ ಕುಂತ್ಕಂತಾನಲ್ಲ. ಆ ಅಂಗೈ ಆಯ ಯಾರು ನೋಡಿದ್ರು?"

ಅತ್ತೆ ತಮ್ಮ ಎಡಗೈಯನ್ನೊಮ್ಮೆ ನೋಡಿಕೊಂಡರು. "ನನ್ನ ಅಂಗೈನ ಈ ಆಚಾರಿ ಮಾಡಿಲ್ಲ ಬಿಡೇ" ಎಂದರು. ಬಡಗಿಗೆ ನಗು ಬಂತೋ ಕೆಮ್ಮು ಬಂತೋ ತಿಳಿಯಲಿಲ್ಲ. ಎದ್ದು, "ಡ್ರಿಲ್ ಇಲ್ಲೇ ಇರ್ತೈತೆ. ನಾನು ಚಾ ಕುಡ್ದು ಬರ್ತೀನಿ" ಎಂದು ಹೊರಟ. ಬಾಗಿಲಲ್ಲಿ ನಿಂತು, "ಹೊರಗಡೆಯಿಂದ ಹೊಡೀರಿ, ಕಾಣೋ ಕಡೆ ಸೀಳಲ್ಲ" ಎಂದೂ ಹೇಳಿದ. ಅವನ ಚಾ ಮುಗಿಯಲು ಒಂದು ಗಂಟೆ ಹಿಡಿಯಿತು.

ಮಿಕ್ಸಿ ಬಿಟ್ಟು ಬೇರೆ ಕರೆಂಟಿನ ಮಿಷನ್ನು ಹಿಡಿದವಳಲ್ಲ ನಾನು. ಡ್ರಿಲ್ ಗುರ್ರೆಂದು ಓಡಿ ಹಲಗೆ ಅಲುಗಿತು. ಆಗ ಎರಡು ಸುಕ್ಕುಗಟ್ಟಿದ ಕೈಗಳು ಬಂದು ಹಲಗೆಯನ್ನು ಒತ್ತಿ ಹಿಡಿದವು.

"ಓರೆ ಹೋಗ್ತೈತೆ, ನೋಡ್ಕಂಡು ಹೊಡಿ. ನಾಯಿ ಅಂದ್ಮ್ಯಾಲೆ ನೆಟ್ಟಗಿರೋ ನಾಯೀನಾದ್ರೂ ಆಗ್ಲಿ" ಎಂದರು ಅತ್ತೆ.

ಆದರೂ ಎರಡು ಪಕ್ಕದ ತೂತುಗಳಲ್ಲಿ ಒಂದು ಓರೆಯಾಯಿತು. ಬೋಲ್ಟು ಹೋಯಿತು, ಅಷ್ಟು ಸಾಕು. ಅತ್ತೆ ಅಡುಗೆಮನೆಯಲ್ಲಿ ಏನೋ ಮರೆತವರಂತೆ ಒಳಗೆ ಹೋಗಿ ಬಂದು ಎರಡೂ ತೂತಿಗೆ ವಿಭೂತಿ ಹಚ್ಚಿದರು. ನಾಯಿಗೆ ವಿಭೂತಿ ಹಚ್ಚಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಮಗಳು ಕೂತಳು. ಪಾದ ಪೂರ್ತಿ ಊರಿತು. ಒಂದು ಕೈ ಬಿಟ್ಟಳು, ನನ್ನ ಮುಖ ನೋಡಿದಳು, ಇನ್ನೊಂದನ್ನೂ ಬಿಟ್ಟಳು. ಅಭ್ಯಾಸದಿಂದ ಅವಳ ಸೊಂಟಕ್ಕೆ ಹೋದ ನನ್ನ ಕೈಯನ್ನು ಆ ಬಿಡುವಾದ ಕೈಯಿಂದಲೇ ಪಟ್ಟನೆ ಹೊಡೆದು ತಳ್ಳಿದಳು. ನೋವಾಯಿತು. ಚೆನ್ನಾಗಿಯೇ ಹೊಡೆದಿದ್ದಳು.

ಪೂಜೆಗೆ ಕೂತಾಗ ನಾನು ಬೇಡುವುದಿಲ್ಲ. ಶಿವ ಕೊಟ್ಟದ್ದನ್ನು ಅವನಿಗೇ ಹೇಳುತ್ತೇನೆ, ಅವನಿಗೆ ಮರೆವು ಜಾಸ್ತಿ. ಮಾರನೆಯ ಬೆಳಿಗ್ಗೆ ಆ ಏಟನ್ನು ಮೊದಲು ಹೇಳಿದೆ. ಬಡಗಿಯ ಉದ್ದನೆಯ ಚಾ ಆಮೇಲೆ.

ಕುರ್ಚಿ ಆಟೋದಲ್ಲಿ ಶಾಲೆಗೆ ಹೋಯಿತು. ಮಧ್ಯಾಹ್ನದ ಊಟದವರೆಗೆ ಅವಳು ಕೂತೇ ಬರೆದಳು. ಮೇಡಂ ಒಂದನೇ ಕ್ಲಾಸಿನ ಹಾಜರಿಯಲ್ಲಿ ಹೆಸರು ಹಾಕಿಕೊಂಡರು. ಸಂಜೆ ದೂರನ್ನೂ ಹೇಳಿದರು: "ಪಕ್ಕದವರ ಪೆನ್ಸಿಲ್ ಕಿತ್ಕಂತಾಳೆ, ಕೈ ಸುಮ್ನಿರಲ್ಲ."

ಈಗ ಅವಳು ಒಂದು ತೂತು ಇಳಿದಿದ್ದಾಳೆ. ಬಸವನ ಆಯ ಬಂತೆಂದು ಅತ್ತೆ ಬೀದಿಗೆಲ್ಲ ಸಕ್ಕರೆ ಹಂಚಿದರು. ಅದರ ಕೆಳಗಿನದು ಕತ್ತೆ. ಅಲ್ಲಿ ತೂತು ಇಲ್ಲ. ಡ್ರಿಲ್ ಬೇಕೆಂದು ಬಡಗಿಗೆ ಈಗಲೇ ಹೇಳಿಟ್ಟಿದ್ದೇನೆ. "ಹೇಳಿ ಕಳಿಸ್ರಕ್ಕ, ಚಾ ಕುಡಿಯಾಕೆ ಬರ್ತೀನಿ" ಎಂದಿದ್ದಾನೆ.