ಕಚ್‌ಗೆ ಹೊರಟ ಸರ್ವಮಂಗಳಾ ಮಿಸ್

ಸರ್ವಮಂಗಳಾ ಮಿಸ್ ಅವರ ಅಣ್ಣ ಬದರೀನಾರಾಯಣ ಬಹಳ ಒಳ್ಳೆಯವರು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಚಾಮರಾಜಪೇಟೆಯಲ್ಲಿ ಯಾರನ್ನು ಕೇಳಿದರೂ ಇದೇ ಮಾತು. ಮದುವೆಯಾಗದ ತಂಗಿಯನ್ನು ಮನೆಯಲ್ಲಿಟ್ಟುಕೊಂಡು ಸಾಕಿದರು, ಒಂದು ದಿನವೂ ಗದರಲಿಲ್ಲ, ಚಳಿಗಾಲ ಬಂದರೆ ಬೀದಿಯವರನ್ನೆಲ್ಲ ಗುಂಪು ಕಟ್ಟಿ ಯಾತ್ರೆಗೆ ಕರೆದುಕೊಂಡು ಹೋಗುತ್ತಿದ್ದರು. ಎಲ್ಲವೂ ನಿಜ. ನನ್ನ ಮೈ ಉರಿಯುವುದೂ ಅದಕ್ಕೇ. ಕೆಟ್ಟವರು ಕೆಡುಕು ಮಾಡಿದರೆ ನಾಲ್ಕು ಬೈದು ಸುಮ್ಮನಾಗಬಹುದು. ಒಳ್ಳೆಯವರು ಮಾಡಿದ್ದನ್ನು ಯಾರ ಹತ್ತಿರ ಹೇಳಿಕೊಳ್ಳುವುದು?

‘ಸಾಕಿದರು’ ಎನ್ನುವುದೂ ಬಾಯಿಮಾತೇ. ಮಿಸ್ ಆ ಮನೆಯ ವರಾಂಡದಲ್ಲಿ ಕಸೂತಿ ಕ್ಲಾಸು ನಡೆಸಿ ತಮ್ಮ ಅನ್ನ ತಾವೇ ದುಡಿದುಕೊಂಡವರು. ತೊಂಬತ್ತರ ದಶಕದಲ್ಲಿ ಆ ಸುತ್ತಿನ ಮದುಮಗಳ ರವಿಕೆ ಅಂದರೆ ಅದರ ಮೇಲೆ ಕಚ್ ವರ್ಕ್ ಇರಲೇಬೇಕು, ಕಚ್ ವರ್ಕ್ ಅಂದರೆ ಮಿಸ್ ಕ್ಲಾಸಿನ ಹುಡುಗಿಯರೇ ಹಾಕಬೇಕು. ಮೊದಲು ದಾರವನ್ನು ಅಡ್ಡಡ್ಡ ಹಾಕಿ ಒಂದು ಚೌಕಟ್ಟು ಕಟ್ಟುವುದು, ಆಮೇಲೆ ಇನ್ನೊಂದು ದಾರವನ್ನು ಬಟ್ಟೆಗೆ ಚುಚ್ಚದೆ ಆ ಚೌಕಟ್ಟಿನೊಳಗೇ ಮೇಲೆ ಕೆಳಗೆ ಹೆಣೆಯುತ್ತಾ ಹೋಗುವುದು. ಒಂದು ಕಡೆ ತಪ್ಪಿದರೆ ಮಿಸ್ ಪೂರ್ತಿ ಬಿಚ್ಚಿಸುತ್ತಿದ್ದರು. ನಮ್ಮಪ್ಪ ಮುನಿರಾಮಪ್ಪ ಕಲಾಸಿಪಾಳ್ಯದಲ್ಲಿ ತರಕಾರಿ ಮಂಡಿ ಇಟ್ಟಿದ್ದರು. ಪಿಯುಸಿಯಲ್ಲಿ ಫೇಲಾದ ನನ್ನನ್ನು ಈ ಕ್ಲಾಸಿಗೆ ತಂದು ಬಿಟ್ಟವರು ಅವರೇ. ಮೊದಲ ವಾರವೇ ನನ್ನ ಹೆಣಿಗೆ ನೋಡಿ ಮಿಸ್ ನಕ್ಕರು.

“ಹರಿಣಾಕ್ಷಿ ಅಂತ ಹೆಸರಿಟ್ಕೊಂಡು ಇಷ್ಟು ದೊಡ್ಡ ತಪ್ಪು ಕಾಣಲ್ವೇನೇ ನಿಂಗೆ? ಬಿಚ್ಚು, ಬಿಚ್ಚು.”

ಬೈಗುಳವೂ ಹಾಗೆ ನಗುತ್ತಲೇ ಬರುತ್ತಿತ್ತು. ಕಲಿತು ಮುಗಿಸಿದ ಮೇಲೂ ನಾನು ಅಲ್ಲಿಂದ ಕದಲಲಿಲ್ಲ, ಅವರ ಜೊತೆಗೇ ಹೊಸಬರಿಗೆ ಕಲಿಸುತ್ತಾ ಉಳಿದೆ.

ಮಿಸ್‌ಗೆ ಒಂದು ಆಸೆಯಿತ್ತು. ತಾವು ಚಿಕ್ಕವರಿದ್ದಾಗ ಯಾವುದೋ ಕರಕುಶಲ ಮೇಳದಲ್ಲಿ ಕಚ್‌ನಿಂದ ಬಂದ ಹೆಂಗಸೊಬ್ಬಳು ಹೊಲಿಯುವುದನ್ನು ನೋಡಿದ್ದರಂತೆ. ಆಕೆ ಬಟ್ಟೆಯ ಮೇಲೆ ಚಿತ್ರ ಬರೆದಿರಲಿಲ್ಲ. ಬಟ್ಟೆಯನ್ನು ತಿರುಗಿಸಿ ಹಿಡಿದು, ಹಿಂಬದಿಯಿಂದ ಎಳೆ ಎಣಿಸುತ್ತಾ ಹೊಲಿಯುತ್ತಿದ್ದಳಂತೆ; ಮುಂಭಾಗದಲ್ಲಿ ನವಿಲು ತಾನಾಗಿ ಏಳುತ್ತಿತ್ತಂತೆ. ಮಿಸ್ ತಮ್ಮ ಕೈಕೆಲಸ ತೋರಿಸಿದಾಗ ಆಕೆ ಚಿತ್ರ ಮೂಡಿಸಲು ಹಾಕಿದ್ದ ಕಾರ್ಬನ್ನಿನ ನೀಲಿ ಗೆರೆಯ ಮೇಲೆ ಬೆರಳಾಡಿಸಿ ನಕ್ಕು, ಕೈಸನ್ನೆ ಮಾಡಿ, ನಮ್ಮೂರಿಗೆ ಬಾ ಅಂದಳಂತೆ. “ಅವ್ಳು ಕರ್ದಿದಾಳೆ ಕಣೇ, ನಾನೇ ಹೋಗಿಲ್ಲ,” ಎಂದು ಮಿಸ್ ಯಾವಾಗಲೂ ಹೇಳುವರು. ಹೇಳುತ್ತಾ ಹೇಳುತ್ತಾ ತಲೆ ನರೆತಿತ್ತು.

ಹೀಗಿರುವಾಗ ಒಂದು ದಿನ, ಪಕ್ಕದಲ್ಲೇ ಇದ್ದ ಕಾಫಿ ಲೋಟವನ್ನು ಮಿಸ್ ಮೊಣಕೈಯಲ್ಲಿ ಬೀಳಿಸಿದರು. ಮರುವಾರ ಬಾಗಿಲ ಪಟ್ಟಿಗೆ ಭುಜ ಹೊಡೆದುಕೊಂಡರು. ಕಣ್ಣಾಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. ಕಣ್ಣಿನ ನರ ಒಣಗುತ್ತಿದೆ, ನೋಟ ಅಂಚಿನಿಂದ ಒಳಗೆ ಮುಚ್ಚಿಕೊಂಡು ಬರುತ್ತದೆ, ಡ್ರಾಪ್ಸ್ ಹಾಕಿದರೆ ನಿಧಾನವಾಗುತ್ತದೆಯೇ ಹೊರತು ಹೋದದ್ದು ವಾಪಸ್ಸು ಬರುವುದಿಲ್ಲ ಎಂದರು. ಆಟೋದಲ್ಲಿ ಮಿಸ್ ಡ್ರಾಪ್ಸ್ ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡರು. ಆಮೇಲೆ, “ಹರಿಣಾಕ್ಷಿ, ಈ ಚಳಿಗಾಲಕ್ಕೇ ಹೋಗ್ಬಿಡೋಣ,” ಅಂದರು. ಎಲ್ಲಿಗೆ ಎಂದು ನಾನು ಕೇಳಲಿಲ್ಲ.

ಸಿದ್ಧತೆ ಶುರುವಾಯಿತು. ತರಗುಪೇಟೆಯಲ್ಲಿ ಬೇಳೆ ಸಗಟು ವ್ಯಾಪಾರ ಮಾಡುವ ಖೀಮ್ಜಿ ಸೇಠ್ ಮೂಲತಃ ಕಚ್‌ನವರು, ಅಪ್ಪನಿಗೆ ಪರಿಚಯ. ನಾವಿಬ್ಬರೂ ಅವರ ಅಂಗಡಿಗೆ ಹೋಗಿ ಕೂತೆವು.

“ನಮ್ಮೂರಿಗೆ ಯಾರಮ್ಮಾ ಹೋಗ್ತಾರೆ? ಮಳೆ ಇಲ್ಲ, ಬೆಳೆ ಇಲ್ಲ, ನಾವೇ ಬಿಟ್ಬಂದಿದೀವಿ!” ಎಂದು ಮೊದಲು ನಕ್ಕರು. ಮಿಸ್ ನಗಲಿಲ್ಲ. ಆಗ ಅವರು ನೆಟ್ಟಗೆ ಕೂತು ಹೇಳತೊಡಗಿದರು. ಅಹಮದಾಬಾದಿನವರೆಗೆ ರೈಲು, ಅಲ್ಲಿಂದ ಭುಜ್‌ಗೆ ಬಸ್ಸು. ಗಡಿಯ ಕಡೆಯ ಹಳ್ಳಿಗಳಿಗೆ ಭುಜ್‌ನಲ್ಲೇ ಪರ್ಮಿಟ್ ಮಾಡಿಸಬೇಕು. ಹಗಲು ಬಿಸಿಲು ಸುಡುತ್ತದೆ, ರಾತ್ರಿ ಶಾಲು ಸಾಲದು. ಅಲ್ಲಿಯ ಮನೆಗಳು ದುಂಡಗೆ, ಮಣ್ಣಿನ ಗೋಡೆಗೆ ಚಿಕ್ಕ ಚಿಕ್ಕ ಕನ್ನಡಿ ಮೆತ್ತಿರುತ್ತಾರೆ, ಒಂದು ದೀಪ ಹಚ್ಚಿದರೆ ಮನೆಯೆಲ್ಲ ಬೆಳಕು. ಎಮ್ಮೆಗಳು ರಾತ್ರಿಯೆಲ್ಲ ಮೇಯುತ್ತವೆ, ಹಾಡು ಹೇಳುವವರು ಕರೆಯದೆಯೇ ಬರುತ್ತಾರೆ. ಕೊನೆಗೆ ಸೇಠ್ ತಾವಾಗಿಯೇ, “ಭುಜ್‌ನಲ್ಲಿ ನಮ್ ತಂಗಿ ಮನೆ ಇದೆ, ಅಲ್ಲೇ ಇಳ್ಕೊಳ್ಳಿ. ಪ್ಯೂರ್ ವೆಜ್, ಚಿಂತೆ ಬೇಡ,” ಎಂದರು. ಮಿಸ್ ಮುಖ ಅವತ್ತು ಅರಳಿದ ಹಾಗೆ ನಾನು ಎಂದೂ ನೋಡಿರಲಿಲ್ಲ.

ಅಷ್ಟಕ್ಕೇ ಟಿಕೆಟ್ ತೆಗೆಸಿಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಮಿಸ್, ಅಣ್ಣನನ್ನು ಒಂದು ಮಾತು ಕೇಳಬೇಕು ಅಂದರು. ಆ ಮನೆಯಲ್ಲಿ ಹೆಂಗಸರು ಗಾಂಧಿಬಜಾರಿಗೆ ಹೋಗುವಾಗಲೂ ಕೇಳಿಯೇ ಹೋಗುವುದು.

“ಕಚ್ ಅಂದ್ರೆ ಬ್ಲೌಸ್ ಮೇಲೆ ಹಾಕೋದಲ್ವಾ? ಅದೊಂದು ಊರಾ?” ಎಂದರು ಅತ್ತಿಗೆ. ಇಡೀ ಬಡಾವಣೆ ಬೆನ್ನ ಮೇಲೆ ಆ ಊರನ್ನು ಹೊತ್ತು ತಿರುಗಿತ್ತು, ಅದು ಊರೆಂದು ಒಬ್ಬರಿಗೂ ಗೊತ್ತಿರಲಿಲ್ಲ.

“ಮರಳುಗಾಡಿಗೆ ಹೋಗ್ತಾಳಂತೆ, ಮರುಳು!” ಎಂದು ಅಣ್ಣ ನಕ್ಕರು. ಆಮೇಲೆ ಬೆಣ್ಣೆಯಂತೆ ಹೇಳಿದರು: “ಹೆಂಗಸರಿಬ್ಬರೇ ಅಷ್ಟು ದೂರ ಯಾಕಮ್ಮಾ? ನಾನೇ ಕರ್ಕೊಂಡ್ಹೋಗ್ತೀನಿ. ನಾಲ್ಕು ಜನ ಸೇರಿದ್ರೆ ಚೆನ್ನಾಗಿರತ್ತೆ.”

ನಾಲ್ಕು ಜನ ರೈಲು ಬೋಗಿ ತುಂಬುವಷ್ಟಾದರು. ಯಾರಿಗೂ ಕಚ್ ಬೇಕಿರಲಿಲ್ಲ. ಅಷ್ಟು ದೂರ ಹೋದಮೇಲೆ ಸೋಮನಾಥ ಬಿಡೋಕಾಗುತ್ತಾ ಎಂದರು ಒಬ್ಬರು. ದ್ವಾರಕೆ ಇಲ್ಲದೆ ಅದೆಂಥ ಗುಜರಾತು ಎಂದರು ಇನ್ನೊಬ್ಬರು. ದಾರಿಯಲ್ಲೇ ಪಂಢರಪುರ, ಅದನ್ನೂ ಸೇರಿಸಿ ಎಂದು ಮತ್ತೊಬ್ಬರು. ತಮಗೆ ಗೊತ್ತಿರುವ ಒಂದು ಕ್ಷೇತ್ರವೂ ಇಲ್ಲದ ಕಡೆಗೆ ಮನುಷ್ಯರು ಯಾಕೆ ಹೋಗಬೇಕು ಎನ್ನುವುದು ಅವರಿಗೆ ನಿಜವಾಗಿಯೂ ಅರ್ಥವಾಗುತ್ತಿರಲಿಲ್ಲ. ಅಷ್ಟರಲ್ಲಿ ಧನುರ್ಮಾಸ ಬಂತು. ಬೆಳಗಿನ ಪೂಜೆ ಬಿಟ್ಟು ಹೊರಡಲು ಅರ್ಧ ಜನ ಒಪ್ಪಲಿಲ್ಲ. ಬರುವ ವರ್ಷ ನೋಡೋಣ ಎಂದುಬಿಟ್ಟರು ಅಣ್ಣ. ಬರುವ ವರ್ಷ! ಕಣ್ಣು ಪಂಚಾಂಗ ನೋಡಿಕೊಂಡು ಹೋಗುತ್ತದೆಯೇ? ಆ ಬೇಸಿಗೆ ಕಳೆಯುವಷ್ಟರಲ್ಲಿ ಮಿಸ್‌ಗೆ ಸೂಜಿಗೆ ದಾರ ಪೋಣಿಸಿಕೊಡುವ ಕೆಲಸ ನನ್ನದಾಯಿತು. ನಾವಿಬ್ಬರೇ ಹೋಗೋಣ ಮಿಸ್ ಎಂದು ನಾನು ಅಂಗಲಾಚಿದೆ. “ಅಣ್ಣ ಮಾತು ಕೊಟ್ಟಿದಾನಲ್ಲೇ,” ಎಂದರು.

ಮರುವರ್ಷ ದೀಪಾವಳಿ ಆದಮೇಲೆ ವರಾಂಡದಲ್ಲಿ ಯಾತ್ರೆಯವರ ಸಭೆ ಸೇರಿತು. ಬಾಗಿಲ ಹತ್ತಿರ ನಾನೂ ಕೂತಿದ್ದೆ. ಊರೂರು ಹೇಳುತ್ತಾ ಬಂದ ಅಣ್ಣ ದ್ವಾರಕೆಗೆ ನಿಲ್ಲಿಸಿದರು.

“ಅಲ್ಲಿಂದ ಕಚ್ ಅಲ್ವಾ ಅಣ್ಣ?” ಎಂದರು ಮಿಸ್.

“ವಿಚಾರಿಸ್ದೆ ಮಂಗಳಾ. ಅಲ್ಲಿ ಈ ಕಸೂತಿ ಮಾಡೋರು ಯಾರು ಗೊತ್ತಾ? ದನ ಎಮ್ಮೆ ಕಾಯೋ ಮುಸಲ್ಮಾನರು, ಇನ್ನು ಕೆಲವರು ಚರ್ಮದ ಕೆಲಸದೋರು. ಅವರ ಗುಡಿಸಲಲ್ಲಿ ಕೂತ್ರೆ ನೀರು ಕುಡೀದೇ ಇರೋಕಾಗುತ್ತಾ? ನಮ್ಮ ಜೊತೆ ಮಡಿ ಅಡುಗೆಯೋರು ಬರ್ತಿದಾರೆ.”

ಕ್ಲಾಸಿಗೆ ಬಂದ ಅಷ್ಟೂ ವರ್ಷ ನಾನು ಬಾಯಾರಿದಾಗ ಕುಡಿದದ್ದು ಅಂಗಳದ ನಲ್ಲಿಯ ನೀರು. ಒಳಗೆ ಕರೆದು ಕೊಟ್ಟವರು ಮಿಸ್ ಒಬ್ಬರೇ, ಅದೂ ಮನೆಯಲ್ಲಿ ಯಾರೂ ಇಲ್ಲದಾಗ.

ಅಣ್ಣ ಆಮೇಲೆ ಹೇಳಿದ್ದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಕಣ್ಣಲ್ಲಿ ನೀರು ತಂದುಕೊಂಡೇ ಹೇಳಿದರು: “ಡಾಕ್ಟರು ಹೇಳಿರೋದು ನಂಗೂ ಗೊತ್ತಮ್ಮಾ. ಉಳಿದಿರೋ ಕಣ್ಣಲ್ಲಿ ದೇವರನ್ನ ನೋಡು. ಕಂಡೋರ ಗುಡಿಸಲು ಯಾಕೆ? ನಿಂಗೆ ದರ್ಶನ ಮಾಡ್ಸಿದ್ರೆ ನನ್ನ ಜವಾಬ್ದಾರಿ ಮುಗೀತು.”

ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಎಂಥ ಅಣ್ಣ, ಎಂಥ ಪುಣ್ಯ ಮಾಡಿದ್ದೆಯಮ್ಮಾ ಎಂದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ಪೂಜಾರಿ ಅಳುತ್ತಾ ಕಿತ್ತುಕೊಳ್ಳುತ್ತಿದ್ದ, ಕಳೆದುಕೊಂಡವರೇ ಕೈ ಮುಗಿಯಬೇಕಿತ್ತು. ನಾನು ಎದ್ದು ನಿಂತೆ.

“ಕಣ್ಣು ಅವರದ್ದು ಸಾರ್, ನಿಮ್ಮದಲ್ಲ,” ಎಂದೆ.

“ಮನೆ ವಿಷಯ ಇದು, ನೀನು ಕೂತ್ಕೋ,” ಎಂದರು ಅವರು, ಮೆಲ್ಲಗೆ. ಮಿಸ್ ನನ್ನ ಕಡೆ ತಿರುಗಲೂ ಇಲ್ಲ. ಮಡಿಲಲ್ಲಿ ಕೈ ಕಟ್ಟಿಕೊಂಡು ಕೂತಿದ್ದರು. ಅವರ ಮೇಲೂ ನನಗೆ ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ಯಾತ್ರೆ ಹೊರಟ ದಿನ ನಾನು ಸ್ಟೇಷನ್ನಿಗೆ ಹೋಗಲಿಲ್ಲ.

ಅವರು ವಾಪಸ್ಸು ಬಂದಮೇಲೆ ಮನೆಯಲ್ಲಿ ಸಮಾರಾಧನೆ ಇಟ್ಟುಕೊಂಡರು. ನನಗೆ ಕೊನೆಯ ಪಂಕ್ತಿಗೆ ಕರೆ. ಹೋಗಬಾರದು ಅಂದುಕೊಂಡವಳು ಮಿಸ್ ಮುಖ ನೋಡಲು ಹೋದೆ. ಹಿರಿಯರೆಲ್ಲ ಊಟ ಮುಗಿಸಿ ಎಲೆಅಡಿಕೆ ಹಾಕಿಕೊಂಡು ವರಾಂಡದಲ್ಲಿ ಕೂತಿದ್ದರು. ಅಣ್ಣ ದ್ವಾರಕೆಯ ವರ್ಣನೆಯಲ್ಲಿ ಮುಳುಗಿದ್ದರು. ಸಮುದ್ರದ ಅಲೆ, ಗೋಪುರದ ಬಾವುಟ, ನೂಕುನುಗ್ಗಲಿನಲ್ಲಿ ತಂಗಿಯ ಕೈ ಹಿಡಿದು ತಾವೇ ದೇವರ ಎದುರಿಗೆ ನಿಲ್ಲಿಸಿದ್ದು, ಎಲ್ಲ ಹೇಳಿದರು.

“ಮಂಗಳಾ ಕಣ್ತುಂಬಾ ನೋಡಿದ್ಲು. ಅಲಂಕಾರ ಹೇಗಿತ್ತು, ನೀನೇ ಹೇಳಮ್ಮಾ ಇವರಿಗೆ.”

“ನಾನು ನೋಡ್ಲಿಲ್ಲ ಅಣ್ಣ,” ಎಂದರು ಮಿಸ್.

“ಯಾಕೆ, ಅಷ್ಟು ಹತ್ರ ನಿಲ್ಲಿಸಿದ್ನಲ್ಲ? ಕಾಣ್ಲಿಲ್ವಾ?”

“ಕಾಣ್ತಿತ್ತೇನೋ. ಕಣ್ಣು ಮುಚ್ಕೊಂಡೆ.”

“ಭಕ್ತಿ ಹೆಚ್ಚಾದ್ರೆ ಕಣ್ಣು ತಾನಾಗೇ ಮುಚ್ಚತ್ತೆ,” ಎಂದರು ಒಬ್ಬ ಹಿರಿಯರು. ಎಲ್ಲರೂ ಹೌದು ಹೌದು ಎಂದು ತಲೆಯಾಡಿಸಿದರು.

“ಭಕ್ತಿಗಲ್ಲ,” ಎಂದರು ಮಿಸ್. ಅವರ ದನಿ ಏರಲಿಲ್ಲ, ಹೊಲಿಗೆ ತಪ್ಪಿದ ಹುಡುಗಿಗೆ ಬಿಚ್ಚು ಎಂದು ಹೇಳುವ ದನಿಯೇ. “ಎಲ್ಲಾ ದೇವಸ್ಥಾನದಲ್ಲೂ ಮುಚ್ಕೊಂಡೇ ನಿಂತಿದ್ದೆ. ನೀನು ತೋರಿಸಿದ್ದನ್ನ ನೋಡಲ್ಲ ಅಂತ ಸಿಟ್ಟು ಬಂದಿತ್ತು. ಈ ಕಣ್ಣಲ್ಲಿ ಏನು ನೋಡ್ಬೇಕು ಅನ್ನೋದಾದ್ರೂ ನಂದಾಗಿರ್ಲಿ. ನಾಡಿದ್ದು ಹರಿಣಾಕ್ಷಿ ಜೊತೆ ಹೋಗಿ ಟಿಕೆಟ್ ತೆಗೆಸ್ತೀನಿ.”

ಆಮೇಲೆ ಯಾರೂ ಎಲೆಅಡಿಕೆ ಅಗಿಯಲಿಲ್ಲ. ಅಣ್ಣನ ಮುಖ ಕೆಂಪಾಯಿತು. ಅಷ್ಟು ವರ್ಷದಲ್ಲಿ ಮೊದಲ ಸಲ ಅವರು ಗದರಿದ್ದನ್ನು ಕೇಳಿದೆ.

“ದೇವರ ಮುಂದೆ ಹಠ ಮಾಡಿ ಬಂದಿದೀಯಾ? ಹೋಗು ಹಾಗಾದ್ರೆ! ಅಲ್ಲಿಗೆ ಹೋದ್ಮೇಲೆ ಕಣ್ಣು ಕಾಣ್ದೇ ಇದ್ರೆ ನನ್ನನ್ನ ಕೇಳ್ಬೇಡ.”

ಮಿಸ್ ಗೋಡೆ ಸವರಿಕೊಂಡು ಎದ್ದು ನಿಂತರು.

“ನಿನ್ನ ಕೇಳ್ಕೊಂಡು ಕೂತಿದ್ದಕ್ಕೇ ಅಲ್ವಾ ಅಣ್ಣ, ಇಷ್ಟು ಕಣ್ಣು ಹೋಗಿದ್ದು?”