ಎರಡು ಸೀಟಿನ ಹಸಿರು ಕಾರು ಮತ್ತು ಬೆಸುಗೆಯಣ್ಣನ ಮೂಗು

ಬೆಸುಗೆಯಣ್ಣನಿಗೆ ಈಗ ವಾಸನೆ ಗೊತ್ತಾಗುವುದು ಕನಸಿನಲ್ಲಿ ಮಾತ್ರ. ಎಚ್ಚರವಾಗಿದ್ದಾಗ ಲೋಕವೆಲ್ಲ ತೊಳೆದಿಟ್ಟ ಗಾಜಿನ ಲೋಟದ ಹಾಗೆ. ಎಲ್ಲವೂ ಕಾಣುತ್ತದೆ, ಯಾವುದಕ್ಕೂ ಗಂಧವಿಲ್ಲ. ನಿದ್ದೆ ಹತ್ತಿತೆಂದರೆ ಕಾದ ತಾಮ್ರ, ಹೊಸ ರಬ್ಬರು, ಹೆಂಡತಿಯ ಒದ್ದೆ ತಲೆಗೂದಲು, ಚಿಕ್ಕಂದಿನಲ್ಲಿ ಮಲಗುತ್ತಿದ್ದ ತಾಯಿಯ ಮಡಿಲು ಎಲ್ಲವೂ ನೆಂಟರಂತೆ ಬಂದು ಹಾಸಿಗೆಯ ಸುತ್ತ ಕೂರುತ್ತವೆ. ಎದ್ದು ಕೈ ಮುಗಿದು ಕಣ್ಣು ಬಿಡುವಷ್ಟರಲ್ಲಿ ಒಬ್ಬರೂ ಇರುವುದಿಲ್ಲ.

ಕಳೆದ ಚಳಿಗಾಲದ ಜ್ವರ ಬಿಟ್ಟು ಹೋಗುವಾಗ ಮೂಗಿನ ಶಕ್ತಿಯನ್ನೂ ಜೊತೆಗೆ ಕರೆದುಕೊಂಡು ಹೋಗಿತ್ತು. ಅವನು ಯಾರಿಗೂ ಹೇಳಿರಲಿಲ್ಲ. ಹೇಳುವುದಾದರೂ ಹೇಗೆ? ರೇಡಿಯೇಟರ್ ರಿಪೇರಿ ಅವನ ಕಸುಬು, ಮೂಗು ಅವನ ಹೆಸರು. ಎಂಜಿನ್ ತಂಪಿಡುವ ನೀರಿಗೆ ಬೆರೆಸುವ ಕೂಲೆಂಟ್ ಬಿಸಿಯಾದಾಗ ಒಂಥರಾ ಸಿಹಿ ವಾಸನೆ ಬೀರುತ್ತದೆ. ಅದು ಎಲ್ಲಿಂದ ಹೊರಡುತ್ತಿದೆ ಎಂದು ಅವನು ಬಾನೆಟ್ ಎತ್ತಿದ ಕೂಡಲೇ ಹೇಳಿಬಿಡುತ್ತಿದ್ದ. ಆ ಬೀದಿಯ ಮೆಕ್ಯಾನಿಕ್‌ಗಳೆಲ್ಲ ಸೋರುವ ಜಾಗ ಸಿಗದೆ ಸೋತಾಗ, "ಅಣ್ಣ, ಒಂದ್ಸಲ ಬಂದು ಮೂಸಿ ಹೋಗು" ಎಂದು ಕರೆಯುತ್ತಿದ್ದರು. ಈಗ ಅವರು ಕರೆದರೆ ಸೊಂಟ ನೋವು ಎನ್ನುತ್ತಾನೆ. ಅಂಗಡಿಯಲ್ಲಿ ಒಂದು ತೊಟ್ಟಿಯಿದೆ. ರೇಡಿಯೇಟರಿನ ಬಾಯಿಗಳನ್ನೆಲ್ಲ ಮುಚ್ಚಿ, ಗಾಳಿ ತುಂಬಿ, ಅದರಲ್ಲಿ ಮುಳುಗಿಸಿದರೆ ತೂತಿದ್ದ ಕಡೆ ಗುಳ್ಳೆ ಏಳುತ್ತದೆ. ತೊಟ್ಟಿ ಅವನ ಮಾನ ಕಾಯುತ್ತಿತ್ತು.

ಹೀಗಿರುವಾಗ ಸಂಗೀತದ ಟೀಚರ್ ತಮ್ಮ ಹಸಿರು ಕಾರನ್ನು ಹಗ್ಗ ಕಟ್ಟಿ ಎಳೆಸಿಕೊಂಡು ಬಂದರು. ಎರಡೇ ಸೀಟು, ಮಡಚುವ ಬಟ್ಟೆಯ ಮಾಡು, ಉದ್ದ ಮೂತಿ. ಟೀಚರಿಗಿಂತ ವಯಸ್ಸಾದ ಗಾಡಿ, ಒಂದು ಕಾಲದಲ್ಲಿ ಪಂದ್ಯದಲ್ಲಿ ಓಡಿದ್ದಂತೆ.

"ನಾಳೆ ಬೆಳಿಗ್ಗೆ ಚಿಕ್ಕಮ್ಮನ್ನ ಕೂರಿಸ್ಕೊಂಡು ಗುಡ್ಡ ದಾಟಬೇಕು ಅಣ್ಣ. ಇದರಲ್ಲಿ ಕೂತಾಗೆಲ್ಲ ನಡ್ಕೊಂಡೇ ಮನೆಗೆ ಬಂದಿದೀನಿ ಅಂತ ಆಡ್ಕೋತಾರೆ" ಎಂದರು.

ಅವನು ಹಳೆಯ ರೇಡಿಯೇಟರನ್ನು ಬೆರಳಿನಿಂದ ಮುಟ್ಟಿದ. ಅದರ ತೆಳು ತಗಡುಗಳು ಒಣಗಿದ ಎಲೆಗಳಂತೆ ಉದುರಿದವು.

"ಇದಕ್ಕೆ ಬೆಸುಗೆ ಹಾಕೋದು ಹೊಗೆಗೆ ಹೊಲಿಗೆ ಹಾಕಿದ ಹಾಗೆ. ಬೇರೆಯದೇ ಕೂರಿಸಬೇಕು."

ಟೀಚರ್ ಅದಕ್ಕೂ ತಯಾರಾಗಿಯೇ ಬಂದಿದ್ದರು. ಕಾರಿನ ಹಿಂದಿನಿಂದ ಒಂದು ಅಲ್ಯೂಮಿನಿಯಂ ರೇಡಿಯೇಟರ್ ತೆಗೆದರು. ದಪ್ಪಗೆ ಫಳಫಳ ಹೊಳೆಯುತ್ತಿತ್ತು. "ನೋಡಿ, ಬೆಳ್ಳಿ ತಟ್ಟೆ ಹಾಗಿದೆ!"

"ಊಟಕ್ಕಾದ್ರೆ ಅದನ್ನೇ ಇಟ್ಕೊಳ್ಳಿ" ಎಂದು ಅವನು ನಕ್ಕ. ಆಮೇಲೆ ಅದರ ದಪ್ಪಕ್ಕೆ ಸರಿಯಾಗಿ ರಟ್ಟು ಕತ್ತರಿಸಿ, ಪದರ ಜೋಡಿಸಿ ಅಂಟಿಸಿ, ರೇಡಿಯೇಟರ್ ಕೂರುವ ಜಾಗದಲ್ಲಿ ಇಟ್ಟ. ಲೋಹ ಕೂರಿಸುವ ಮೊದಲು ರಟ್ಟನ್ನು ಕೂರಿಸಿ ನೋಡುವುದು ಅವನ ಪದ್ಧತಿ. ರಟ್ಟಿಗೂ ಎಂಜಿನ್ನಿನ ಫ್ಯಾನಿಗೂ ನಡುವೆ ಅವನ ಕಿರುಬೆರಳು ಕಷ್ಟಪಟ್ಟು ತೂರಿತು.

"ಹಿಡಿಸುತ್ತಲ್ಲ?" ಎಂದರು ಟೀಚರ್.

"ನಿಂತಾಗ ಹಿಡಿಸುತ್ತೆ. ಗಟ್ಟಿಯಾಗಿ ಬ್ರೇಕ್ ಹಾಕಿದ್ರೆ ಎಂಜಿನ್ನು ರಬ್ಬರಿನ ಮೇಲೆ ಮುಂದಕ್ಕೆ ತೂಗುತ್ತೆ. ತೂಕಡಿಸೋ ಮುದುಕನ ಹಾಗೆ. ಆಗ ಫ್ಯಾನು ನಿಮ್ಮ ಬೆಳ್ಳಿ ತಟ್ಟೆನ ಕೊರೆದು ಹಾಕುತ್ತೆ."

ಅಟ್ಟದಿಂದ ಅವನು ಇಳಿಸಿದ್ದು ತಾಮ್ರ ಹಿತ್ತಾಳೆಯ ಇನ್ನೊಂದನ್ನು. ಬೇರೆ ಗಾಡಿಗೆ ಮಾಡಿದ್ದಾದರೂ ಎತ್ತರ, ಅಗಲ, ಪೈಪಿನ ಬಾಯಿ ಎಲ್ಲ ಅದೇ. ತೆಳುವಾಗಿದ್ದರೂ ಒಳಗಿನ ಕೊಳವೆಗಳು ಒತ್ತೊತ್ತಾಗಿದ್ದವು. ಟೀಚರ್ ಬೆಳ್ಳಿ ತಟ್ಟೆಯನ್ನು ಒಮ್ಮೆ ಆಸೆಯಿಂದ ನೋಡಿ, ನಿಟ್ಟುಸಿರು ಬಿಟ್ಟು ಒಪ್ಪಿದರು. ಅವನು ತಾಮ್ರದ್ದನ್ನು ತೊಟ್ಟಿಯಲ್ಲಿ ಮುಳುಗಿಸಿದ. ಒಂದೇ ಒಂದು ಗುಳ್ಳೆ ಏಳಲಿಲ್ಲ. ಹಿಡಿಕೆಗಳನ್ನು ಮಾತ್ರ ಬಿಚ್ಚಿ, ಈ ಕಾರಿನ ಬೋಲ್ಟಿಗೆ ಸರಿಯಾಗಿ ಮತ್ತೆ ಬೆಸೆದ. ಬೆಸುಗೆ ಕರಗಿ ಹರಿಯುವಾಗ ಸಂಜೆಯ ಹೊಳೆ ತಿರುವಿನಲ್ಲಿ ಮಿನುಗಿದಂತೆ ಒಂದು ಗಳಿಗೆ ಮಿನುಗಿತು, ಮಂಕಾಯಿತು, ಗಟ್ಟಿಯಾಯಿತು.

ಕೂರಿಸಿದ ಮೇಲೆ ಕಾರನ್ನು ತಳ್ಳಿ ಬೀದಿಯ ಏರಿನಲ್ಲಿ ಮೂತಿ ಮೇಲಾಗಿ ನಿಲ್ಲಿಸಿದರು. ಹಾಗೆ ನಿಂತರೆ ಒಳಗೆ ಸಿಕ್ಕಿಬಿದ್ದ ಗಾಳಿ ಮೇಲಕ್ಕೆ ಬರುತ್ತದೆ. ಅವನು ಕೂಲೆಂಟ್ ಬೆರೆಸಿದ ನೀರು ಸುರಿಯುತ್ತ, ಮೇಲಿನ ಪೈಪನ್ನು ಮೆಲ್ಲಗೆ ಒತ್ತುತ್ತ ನಿಂತ. ಗುಳುಕ್, ಗುಳುಕ್. ಮಧ್ಯಾಹ್ನದ ಬಿಸಿಲು, ಎದುರು ಮನೆಯ ಕಿಟಕಿಯ ಪರದೆ, ಪೈಪಿನೊಳಗೆ ನೀರು ದಾರಿ ಹುಡುಕುವ ಸದ್ದು. ತಾನು ನಿಂತದ್ದು ಎಚ್ಚರದಲ್ಲೋ ನಿದ್ದೆಯಲ್ಲೋ ಎಂದು ಅವನಿಗೇ ಅನುಮಾನವಾಯಿತು. ಇನ್ನೇನು ಒಂದು ವಾಸನೆ ಬಂದೇ ಬಿಡುತ್ತದೆ ಎನ್ನಿಸಿತು. ಬರಲಿಲ್ಲ.

ಟೀಚರ್ ಒಂದು ಸುತ್ತು ಹೋಗಿ ಬಂದರು. ಕಾವಿನ ಮುಳ್ಳು ನಡುವಿನಲ್ಲೇ ಇತ್ತು. ಆರಿದ ಮೇಲೆ ಮುಚ್ಚಳ ತೆಗೆದರೆ ನೀರು ಒಂದು ಲೋಟದಷ್ಟು ಇಳಿದಿತ್ತು. ಉಳಿದ ಗಾಳಿ ಹೋಗಿರಬೇಕೆಂದು ಮತ್ತೆ ತುಂಬಿದ. ಎರಡನೆಯ ಸುತ್ತಿಗೂ ಅಷ್ಟೇ ಇಳಿಯಿತು. ನೆಲ ಒಣಗಿತ್ತು, ಪೈಪುಗಳು ಒಣಗಿದ್ದವು. ಬಿಸಿಯಾದಾಗ ಮಾತ್ರ ಎಲ್ಲೋ ಸೋರಿ, ಕೆಳಗೆ ಬೀಳುವ ಮೊದಲೇ ಆವಿಯಾಗುತ್ತಿದೆ. ಇಂಥದ್ದನ್ನು ಹಿಡಿಯುವುದು ಮೂಗೊಂದೇ. ಅವನು ಅಭ್ಯಾಸಬಲದಿಂದ ಬಗ್ಗಿ ಉಸಿರೆಳೆದ. ತೊಳೆದಿಟ್ಟ ಲೋಟ.

"ಗೊತ್ತಾಯ್ತಾ ಅಣ್ಣ?"

ಹೊಸದಾಗಿ ಕೂರಿಸಿದ್ದಲ್ವಾ, ಸ್ವಲ್ಪ ನೀರು ಕುಡಿಯುತ್ತೆ, ಆಮೇಲೆ ಸರಿಹೋಗುತ್ತೆ ಎಂಬ ಮಾತು ನಾಲಿಗೆಯ ತುದಿಗೆ ಬಂದು ಕೂತಿತ್ತು. ಟೀಚರ್ ನಂಬುತ್ತಿದ್ದರು. ಈ ಬೀದಿಯಲ್ಲಿ ಅವನ ಮಾತನ್ನು ನಂಬದವರು ಯಾರು? ಆದರೆ ಗುಡ್ಡದ ಏರು ಕಣ್ಣ ಮುಂದೆ ಬಂತು. ನೀರಿಲ್ಲದೆ ಕುದಿಯುವ ಎಂಜಿನ್ನು, ನಡುದಾರಿಯಲ್ಲಿ ನಿಂತ ಇಬ್ಬರು ಹೆಂಗಸರು. ದೇವರೇ, ಬಾಯಿ ಬಿಡಿಸು ಎಂದುಕೊಂಡ.

"ಟೀಚರ್, ನನಗೆ ವಾಸನೆ ಬರಲ್ಲ. ಚಳಿಗಾಲದಿಂದ ಬರಲ್ಲ. ಎಲ್ಲಿ ಸೋರ್ತಿದೆ ಅಂತ ನನಗೆ ಗೊತ್ತಾಗ್ತಿಲ್ಲ."

ಟೀಚರ್ ಏನೂ ಹೇಳುವ ಮೊದಲೇ ಹಿಂದಿನಿಂದ ಹೆಂಡತಿಯ ದನಿ ಬಂತು. ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಸದ್ಯ, ಬಾಯಿ ಬಿಟ್ರಲ್ಲ! ಮೊನ್ನೆ ಹಾಲು ಸೀದು ಮನೆಯೆಲ್ಲ ಹೊಗೆ, ಟೀಚರ್. ಅಕ್ಕಪಕ್ಕದವರು ಓಡಿ ಬಂದ್ರು. ಇವರು ಕಣ್ಣು ಮುಚ್ಕೊಂಡು, ಆಹಾ, ಏನು ಘಮ ಅಂದ್ರು."

"ನಿನಗೆ ಗೊತ್ತಿತ್ತಾ? ಮತ್ತೆ ಯಾಕೆ ಕೇಳ್ಲಿಲ್ಲ?"

"ನೀವೇ ಹೇಳ್ತೀರಿ ಅಂತ ಕಾದೆ ಕಣ್ರೀ. ಕಾದೂ ಕಾದೂ ಹಾಲಿನ ಗತಿಯೇ ನನಗೂ ಆಯ್ತು."

ಮೂವರೂ ನಕ್ಕರು. ನಕ್ಕು ಮುಗಿಸಿದಾಗ ಅವನ ಕಣ್ಣು ಒದ್ದೆಯಾಗಿತ್ತು. ಒರೆಸಿಕೊಳ್ಳಲು ಹೋಗಿ ಕೆನ್ನೆಗೆಲ್ಲ ಮಸಿ ಹಚ್ಚಿಕೊಂಡ.

"ಸರಿ, ನನ್ನ ಮೂಗಿದೆಯಲ್ಲ. ಎಲ್ಲಿ ಇಡಬೇಕು ಹೇಳಿ" ಎಂದು ಟೀಚರ್ ಕೂದಲು ಗಂಟು ಹಾಕಿಕೊಂಡರು.

ಕಾರನ್ನು ಮತ್ತೆ ಬಿಸಿಮಾಡಿ ಎಂಜಿನ್ ನಿಲ್ಲಿಸಿದರು. ಅವನು ಒಂದೊಂದೇ ಜಾಗ ತೋರಿಸಿದ. "ಮೊದಲು ಮೇಲಿನ ಪೈಪಿನ ಬಾಯಿ. ಮುಟ್ಟಬೇಡಿ, ಸುಡುತ್ತೆ. ಅವಸರ ಬೇಡ, ನಿಧಾನ ಉಸಿರೆಳೀರಿ."

"ನಾನು ಮಕ್ಕಳಿಗೆ ಕಿವಿ ಕೊಡಿ ಅಂತೀನಿ, ನೀವು ಮೂಗು ಕೊಡಿ ಅಂತೀರಿ. ಇಲ್ಲಿ ಬರೀ ರಬ್ಬರು."

"ಈಗ ಕೆಳಗೆ, ಎಡಕ್ಕೆ."

"ಎಣ್ಣೆ... ದೂಳು... ಅಣ್ಣ, ಇಲ್ಲಿ! ಹಣ್ಣು ತೀರಾ ಮಾಗಿ ಒಡೆದ ಹಾಗೆ."

ಅವನು ಕನ್ನಡಿಯ ಚೂರು ಹಿಡಿದು ನೋಡಿದ. ತಪ್ಪು ಅವನದೇ. ಕೆಳಗಿನ ಪೈಪಿನ ಕ್ಲಿಪ್ಪು ರೇಡಿಯೇಟರಿನ ಬಾಯಿಯ ಉಬ್ಬಿದ ಬಳೆಯ ಹಿಂದೆ ಕೂರುವ ಬದಲು ಅದರ ಮೇಲೇ ಕೂತಿತ್ತು. ರಬ್ಬರು ಬಿಸಿಗೆ ಮೆತ್ತಗಾದಾಗ ಹನಿ ಜಿನುಗಿ, ಪಕ್ಕದ ಹೊಗೆ ಪೈಪಿನ ಮೇಲೆ ಬಿದ್ದು ಚುರ್ ಎಂದು ಮಾಯವಾಗುತ್ತಿತ್ತು. ಕಾರು ಆರಿದ ಮೇಲೆ ಪೈಪನ್ನು ಇನ್ನಷ್ಟು ಒಳಕ್ಕೆ ತಳ್ಳಿ, ಕ್ಲಿಪ್ಪನ್ನು ಬಳೆಯ ಹಿಂದಕ್ಕೆ ಸರಿಸಿ ಬಿಗಿದ.

ಈ ಸಲ ಅವನೂ ಜೊತೆಗೆ ಕೂತ. ಗುಡ್ಡದ ಮೊದಲ ತಿರುವುಗಳನ್ನು ಹತ್ತಿ, ಮರದ ನೆರಳಲ್ಲಿ ನಿಂತು, ಆರುವವರೆಗೆ ಕಾದು ಮುಚ್ಚಳ ತೆಗೆದರು. ನೀರು ತುಂಬಿದಲ್ಲೇ ಇತ್ತು, ಒಂದು ತುಂಡು ಆಕಾಶವನ್ನು ಹಿಡಿದುಕೊಂಡು.

"ಇನ್ನು ಚಿಕ್ಕಮ್ಮನಿಗೆ ಆಡ್ಕೊಳ್ಳೋಕೆ ಏನೂ ಉಳೀಲಿಲ್ಲ. ಪಾಪ" ಎಂದರು ಟೀಚರ್.

ಇಳಿಯುವಾಗ ಕಾರಿನ ಮಾಡು ತೆರೆದೇ ಇತ್ತು. ಗಾಳಿ ಮುಖಕ್ಕೆ ಬಡಿಯುತ್ತಿತ್ತು, ಬರಿಯ ಗಾಳಿ. ಅವನು ಟೀಚರ್ ಕಡೆ ತಿರುಗಿದ. ಕೇಳುವುದು ಇಷ್ಟು ಸುಲಭವೇ ಎಂದು ತಾನೇ ಸೋಜಿಗಪಡುತ್ತ ಕೇಳಿದ:

"ಟೀಚರ್, ಈಗ ಏನು ವಾಸನೆ ಬರ್ತಿದೆ?"

ಟೀಚರ್ ವೇಗ ತಗ್ಗಿಸಿದರು. "ಈಗ... ಯಾರೋ ಹುಲ್ಲು ಕೊಯ್ದಿದಾರೆ. ಹಸಿ ಹುಲ್ಲು."

ಅವನು ಕಣ್ಣು ಮುಚ್ಚಿದ.

"ಈಗ ಬೇಕರಿ. ಬ್ರೆಡ್ಡು ಸ್ವಲ್ಪ ಜಾಸ್ತಿನೇ ಕೆಂಪಾಗಿರಬೇಕು. ಈಗ ಒಗೆದ ಬಟ್ಟೆ, ಸೋಪಿನದು. ಈಗ ನಿಮ್ಮ ಅಂಗಿ. ಅದನ್ನ ಮಾತ್ರ ಕೇಳಬೇಡಿ."

"ಹೂಂ, ಆಮೇಲೆ?" ಎಂದ ಬೆಸುಗೆಯಣ್ಣ, ಕಣ್ಣು ಬಿಡದೆ.