ಹೊಗೆಸೊಪ್ಪಿನ ಕೋಣೆಯ ಓರಗಿತ್ತಿ

ಕಳೆದ ವಾರ ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಮೊಬೈಲ್ ಅಂಗಡಿಗೆ ಹೋಗಿದ್ದೆ. ಫೋನಿಗೆ ಒಂದು ಕವರು ಬೇಕಿತ್ತು, ಅಷ್ಟೆ. ಒಳಗೆ ಯಾರೋ ಬೆಸುಗೆ ಹಾಕುತ್ತಿದ್ದರು. ಕಾದ ಕಡ್ಡಿಗೆ ರಾಳ ತಾಗಿ ಎದ್ದ ಸಣ್ಣ ಹೊಗೆ ಮೂಗಿಗೆ ಬಂತು. ಯಾವ ಬಣ್ಣದ್ದು ಬೇಕು ಎಂದು ಅಂಗಡಿಯವರು ಎರಡನೇ ಸಲ ಕೇಳಿದಾಗಲೇ ನನಗೆ ಕೇಳಿಸಿದ್ದು. ಅಷ್ಟರಲ್ಲಿ ನಾನು ಅರಕಲಗೂಡಿನ ಆಚೆ, ಮಲ್ಲಿಪಟ್ಟಣದ ನಮ್ಮ ಮನೆಯ ಹೊಗೆಸೊಪ್ಪಿನ ಕೋಣೆಯ ಬಾಗಿಲಲ್ಲಿ ನಿಂತುಬಿಟ್ಟಿದ್ದೆ...

ಆ ಕೋಣೆಯಲ್ಲಿ ಹೊಗೆಸೊಪ್ಪು ತುಂಬುವುದನ್ನು ನಮ್ಮ ಮಾವನವರ ಕಾಲದಲ್ಲೇ ಬಿಟ್ಟಿದ್ದರು. ಗೋಡೆಗೆ ಹಿಡಿದ ಘಾಟು ಮಾತ್ರ ಹೋಗಿರಲಿಲ್ಲ. ಕಿಟಕಿಯ ಕೆಳಗೆ ಒಂದು ಮೇಜು ಹಾಕಿಕೊಂಡು, ಆ ಘಾಟಿನ ನಡುವೆ ಕೂತು ಫೋನುಗಳನ್ನು ಬಿಚ್ಚುತ್ತಿದ್ದವಳು ನನ್ನ ಓರಗಿತ್ತಿ, ನನ್ನ ಮೈದುನನ ಹೆಂಡತಿ. ನನಗಿಂತ ಎಷ್ಟೋ ಚಿಕ್ಕವಳು. ಗೊರೂರಿನ ಡ್ಯಾಮಿನ ಕ್ವಾರ್ಟರ್ಸಿನಲ್ಲಿ ಬೆಳೆದವಳು. ಅವಳ ತಂದೆ ಅಣೆಕಟ್ಟೆಯ ಗೇಟು ಎತ್ತಿಳಿಸುವ ಕೆಲಸದಲ್ಲಿದ್ದರು. ಹೊಳೆನರಸೀಪುರದಲ್ಲಿ ಡಿಪ್ಲೊಮಾ ಓದಿದ್ದಳು. ಮದುವೆಯಾಗಿ ಬರುವಾಗ ಸೀರೆಯ ಸೂಟ್‌ಕೇಸಿನ ಜೊತೆ ಒಂದು ಹಳೆಯ ಲ್ಯಾಪ್‌ಟಾಪು, ಒಂದು ಚೀಲದ ತುಂಬ ಕೇಬಲ್ಲುಗಳನ್ನು ತಂದಿದ್ದಳು. ಅದನ್ನು ನೋಡಿ ನಾನು ಒಳಗೊಳಗೇ ನಕ್ಕಿದ್ದೆ.

ಅವಳು ಬರುವವರೆಗೆ ಆ ಮನೆಯಲ್ಲಿ ತಿಳಿದವಳು ಅಂದರೆ ನಾನೇ. ಬಿ.ಕಾಂ. ಮಾಡಿದ್ದೆ, ಊರಿನ ಹಾಲಿನ ಡೇರಿಯಲ್ಲಿ ಸೆಕ್ರೆಟರಿಯಾಗಿದ್ದೆ. ಅತ್ತೆಗೆ ಫೋನಿನಲ್ಲಿ ಯಾವುದಾದರೂ ಬರದೆ ಹೋದರೆ ನನ್ನನ್ನು ಕೂಗುತ್ತಿದ್ದರು. ಅಕ್ಕಪಕ್ಕದವರೂ ಡೇರಿಗೆ ಹಾಲು ಹಾಕಲು ಬಂದಾಗ ಫೋನು ತೆಗೆದು ಮುಂದೆ ಹಿಡಿಯುತ್ತಿದ್ದರು. ಅದು ದೊಡ್ಡಸ್ತಿಕೆ ಎಂದು ಆಗ ಅನ್ನಿಸಿರಲಿಲ್ಲ. ಕೈತಪ್ಪಿದ ಮೇಲೆ ತಿಳಿಯಿತು.

ಮೊದಲು ಕೈತಪ್ಪಿದ್ದು ಅತ್ತೆಯ ಫೋನಿನ ವಿಷಯದಲ್ಲಿ. ಅದು ಹಳೆಯದು. ಒತ್ತಿದರೆ ಒಂದು ಗಳಿಗೆ ಯೋಚಿಸಿ ಆಮೇಲೆ ತೆರೆದುಕೊಳ್ಳುತ್ತಿತ್ತು. ವಿಡಿಯೊ ಕಾಲಿನಲ್ಲಿ ಅರಕಲಗೂಡಿಗೆ ಕೊಟ್ಟಿದ್ದ ಮಗಳ ಮುಖ ಅರ್ಧಕ್ಕೇ ನಿಂತುಬಿಡುತ್ತಿತ್ತು. ಅದರ ಕಾಲ ಮುಗಿಯಿತು, ಹೊಸದು ಕೊಳ್ಳಿ ಎಂದು ನಾನು ಹೇಳಿದ್ದೆ. ಓರಗಿತ್ತಿ ಅದನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದಳು.

“ಇದು ಕೆಟ್ಟಿಲ್ಲ ಅತ್ತೆ. ಕಂಪನಿಯೋರು ಇದನ್ನ ಮರ್ತವ್ರೆ, ಅಷ್ಟೆ” ಅಂದಳು.

ಕಂಪನಿ ಮರೆತ ಫೋನುಗಳನ್ನು ಮರೆಯದ ಜನ ಪ್ರಪಂಚದಲ್ಲಿ ಎಲ್ಲೆಲ್ಲೋ ಇದ್ದಾರಂತೆ. ಅವರು ಅದಕ್ಕೆ ಬೇರೆ ಕರ್ನಲ್ ಬರೆದು ಬಿಟ್ಟಿಯಾಗಿ ಹಂಚುತ್ತಾರಂತೆ. ಕರ್ನಲ್ ಅಂದರೆ ಏನು ಎಂದು ಅತ್ತೆಗೆ ಅವಳು ಹೇಳಿದ್ದು ನನಗೆ ಅಡುಗೆಮನೆಯವರೆಗೂ ಕೇಳಿಸುತ್ತಿತ್ತು. ಮೇಲೆ ನಾವು ಒತ್ತಿದ್ದನ್ನು ಒಳಗಿನ ಬ್ಯಾಟರಿಗೆ, ಕ್ಯಾಮೆರಾಕ್ಕೆ, ಸ್ಪೀಕರಿಗೆ ಹೇಳಿ ಕೆಲಸ ಮಾಡಿಸುವ ಮೇಸ್ತ್ರಿ ಅದು. ಮೇಸ್ತ್ರಿ ಚುರುಕಾಗಿದ್ದರೆ ಹಳೆಯ ಆಳುಗಳೂ ಚುರುಕಾಗುತ್ತಾರೆ. ಅದಕ್ಕೂ ಕೆಳಗೆ, ಫೋನನ್ನು ನಿದ್ದೆಯಿಂದ ಎಬ್ಬಿಸಿ ನಿಲ್ಲಿಸುವುದು ಫರ್ಮ್‌ವೇರ್. ಅದರ ತಂಟೆಗೆ ಹೋಗುವಾಗ ಮಾತ್ರ ಮೈಯೆಲ್ಲ ಕಣ್ಣಾಗಿರಬೇಕು. ಅತ್ತೆ ಎಲ್ಲದಕ್ಕೂ ಹೂಂಗುಟ್ಟುತ್ತಿದ್ದರು. ನಾನು ಏನನ್ನಾದರೂ ವಿವರಿಸಿದರೆ ‘ನೀನೇ ಮಾಡ್ಕೊಡವ್ವ’ ಎಂದು ಎದ್ದುಹೋಗುತ್ತಿದ್ದವರು ಇವರೇ.

ಅವಳು ಆ ಹೊಸ ಕರ್ನಲ್ ಹಾಕಿದಳು, ಫೋನು ಗೆದ್ದಿತು. ಮಗಳ ಮುಖ ನಿಲ್ಲದೆ ಓಡಾಡತೊಡಗಿತು. ಅತ್ತೆ ಅದನ್ನು ಸೆರಗಿನಲ್ಲಿ ಒರೆಸಿಕೊಂಡು ಬೀದಿಯಲ್ಲೆಲ್ಲ ತೋರಿಸಿ, ನಮ್ಮ ಚಿಕ್ಕ ಸೊಸೆ ಮಾಡಿದ್ದು ಎಂದು ಹೇಳಿಕೊಂಡು ಬಂದರು. ನನಗೆ ಅವತ್ತು ಊಟ ಸೇರಲಿಲ್ಲ.

ಆಮೇಲೆ ಅತ್ತೆ ಆ ಕೋಣೆಯಲ್ಲೇ ಬೀಡುಬಿಟ್ಟರು. ಓರಗಿತ್ತಿ ಕೆಲಸಕ್ಕೆ ಕೂತರೆ ಇವರು ಎದುರಿಗೆ ಮಣೆ ಹಾಕಿಕೊಂಡು, ಪರದೆಯ ಮೇಲೆ ತುಂಬುತ್ತ ಹೋಗುವ ಗೆರೆಯನ್ನು ನೋಡುತ್ತ ಕೂರುವುದು. ಕೋಳಿ ಒಳಗೆ ನುಗ್ಗಿ ಕೇಬಲ್ಲು ತುಳಿಯದ ಹಾಗೆ ಕಡ್ಡಿ ಹಿಡಿದು ಕಾಯುವುದು. ಗೆರೆ ತುಂಬಿತು ಕಣವ್ವ ಎಂದು ಕೂಗಿ ಹೇಳುವುದು. ಅವರಿಬ್ಬರ ನಗು ಕೇಳಿದರೆ ನನ್ನ ಕೈಯಲ್ಲಿದ್ದ ಪಾತ್ರೆ ಸ್ವಲ್ಪ ಜೋರಾಗಿಯೇ ಕೆಳಗಿಳಿಯುತ್ತಿತ್ತು.

ಸುದ್ದಿ ಹಬ್ಬಿ ಅರಕಲಗೂಡಿನಿಂದಲೂ ಫೋನುಗಳು ಬರತೊಡಗಿದವು. ತಂದದ್ದನ್ನೆಲ್ಲ ಅವಳು ಮುಟ್ಟುತ್ತಿರಲಿಲ್ಲ. ಒಂದೇ ಹೆಸರಿನ ಫೋನಿನಲ್ಲಿ ಎರಡು ಮೂರು ಜಾತಿ ಇರುತ್ತವೆ, ಒಂದರದ್ದು ಇನ್ನೊಂದಕ್ಕೆ ಹಾಕಿದರೆ ಸತ್ತೇಹೋಗುತ್ತದೆ ಎಂದು ಹೇಳಿ ಮೊದಲು ಮಾದರಿಯ ನಂಬರನ್ನು ಸರಿಯಾಗಿ ನೋಡುತ್ತಿದ್ದಳು. ಚಾರ್ಜಿಂಗ್ ಪಿನ್ ಸಡಿಲವಾಗಿದ್ದರೆ ಮೊದಲು ಅದಕ್ಕೆ ಬೆಸುಗೆ. ಬ್ಯಾಟರಿ ತುಂಬಿದ ಮೇಲೆಯೇ ಮುಂದಿನ ಮಾತು. ಒಳಗಿರುವುದೆಲ್ಲ ಅಳಿಸಿಹೋಗುತ್ತದೆ, ಫೋಟೊ, ನಂಬರು ಎಲ್ಲವನ್ನೂ ಬೇರೆ ಕಡೆ ಇಟ್ಟುಕೊಂಡಿರಾ ಎಂದು ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಿದ್ದಳು. ದಿನಸಿ ಅಂಗಡಿಯವರೊಬ್ಬರು ವ್ಯಾಪಾರಕ್ಕೆ ಇದ್ದ ಒಂದೇ ಫೋನನ್ನು ತಂದಾಗ ಕೈಮುಗಿದು ವಾಪಸ್ಸು ಕಳಿಸಿದಳು. ಕಂಪನಿ ಹಾಕಿದ ಬೀಗ ತೆಗೆದ ಫೋನಿನಲ್ಲಿ ಬ್ಯಾಂಕಿನ ಆಪು ನಡೆಯದೆ ಹೋದರೆ ಅವರ ಗತಿ ಏನು ಎಂದಳು. ಇಲ್ಲ ಅಂದರೂ ಜನ ಅವಳ ಮೇಲೆ ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ನಾನು ಡೇರಿಯಲ್ಲಿ ಹಾಲು ನೀರಾಗಿದೆ ಅಂದರೆ ಜಗಳಕ್ಕೆ ಬರುತ್ತಿದ್ದ ಜನವೇ ಅವರು...

ಇಷ್ಟೆಲ್ಲ ಎಚ್ಚರಿಕೆ ಯಾಕೆ ಎಂದು ಯಾರೋ ಕೇಳಿದಾಗ ಅವಳು ತನ್ನ ತಂದೆಯ ಮಾತು ತೆಗೆದಳು. ಗೇಟು ಎತ್ತುವ ಮುಂಚೆ ಸೈರನ್ ಕೂಗಿಸುತ್ತಾರೆ, ಆದರೂ ಕೆಳಗೆ ಹೊಳೆಯಲ್ಲಿ ಬಟ್ಟೆ ಒಗೆಯುವವರು, ಮೀನು ಹಿಡಿಯುವವರು ಒಬ್ಬರೂ ಇಲ್ಲ ಎಂದು ಕಣ್ಣಾರೆ ನೋಡದೆ ಅವರು ಗೇಟು ಮುಟ್ಟುತ್ತಿರಲಿಲ್ಲವಂತೆ.

ನನಗೂ ಕಲಿಸುತ್ತೇನೆ ಎಂದು ಒಂದೆರಡು ಸಲ ಕರೆದಳು. ಹಸು ಕರೆಯಬೇಕು, ಕೆಲಸವಿದೆ ಎಂದೆ. ಕಲಿಯುವ ಆಸೆ ಇತ್ತು. ಅವಳಿಂದ ಕಲಿಯುವ ಮನಸ್ಸು ಇರಲಿಲ್ಲ.

ಮೈದುನ ಮೊದಮೊದಲು ಹೆಂಡತಿಯನ್ನು ಹೊಗಳಿಕೊಂಡೇ ಓಡಾಡಿದ. ಅವನದು ಗೊಬ್ಬರದ ಅಂಗಡಿ. ಅಲ್ಲಿಗೆ ಬಂದವರು ಯೂರಿಯಾ ಕೇಳುವ ಬದಲು ಫೋನಕ್ಕ ಮನೆಯಲ್ಲಿದ್ದಾರಾ ಎಂದು ಕೇಳುವುದು ಹೆಚ್ಚಾಯಿತು. ಒಂದು ಸಲ ಯಾರೋ ಅವನನ್ನು ಇನ್ನೊಬ್ಬರಿಗೆ ಪರಿಚಯಿಸುವಾಗ ಫೋನಕ್ಕನ ಗಂಡ ಅಂದರಂತೆ. ಅಂದಿನಿಂದ ಅವನ ಮಾತು ಕಡಿಮೆಯಾಯಿತು. ಕೋಣೆಯ ಬಾಗಿಲಲ್ಲಿ ಬಂದು ನಿಲ್ಲುವುದು, ಪರದೆಯ ಮೇಲಿನ ಇಂಗ್ಲಿಷ್ ಅಕ್ಷರಗಳನ್ನು ದಿಟ್ಟಿಸುವುದು ಶುರುವಾಯಿತು. ಯಾವುದೋ ದೂರದ ದೇಶದಲ್ಲಿ ಕೂತು ಈ ಕರ್ನಲ್‌ಗಳನ್ನು ಬರೆಯುವ ಒಬ್ಬನ ಹತ್ತಿರ ಅವಳು ಅನುಮಾನಗಳನ್ನು ಬರೆದು ಕೇಳುತ್ತಿದ್ದಳು. ಅವನು ಯಾರು, ನಿನಗೂ ಅವನಿಗೂ ಏನು ಮಾತು ಎಂದು ಇವನು ಕೇಳಿದ್ದು ನನ್ನ ಕಿವಿಗೂ ಬಿತ್ತು. ಅವಳು ತೋರಿಸಿದಳು, ಓದಿ ಹೇಳಿದಳು. ಅವನು ಕೇಳುವುದನ್ನು ನಿಲ್ಲಿಸಲಿಲ್ಲ.

ನನ್ನ ಫೋನೂ ಆಗ ಸಾಯುವ ಹಾಗೆ ಆಗಿತ್ತು. ಮಧ್ಯಾಹ್ನದ ಹೊತ್ತಿಗೆ ಕೆಂಡದ ಹಾಗೆ ಕಾದು ಆರಿಹೋಗುತ್ತಿತ್ತು. ಬಹಳ ಕಾಲ ಹಟ ಹಿಡಿದು ಕೊನೆಗೆ ಅದನ್ನು ಅವಳ ಮೇಜಿನ ಮೇಲಿಟ್ಟೆ. ಅವಳ ಮುಖ ಅರಳಿದ್ದು ನನಗಿನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಭಾನುವಾರ ಕೂತೆವು. ಇಂಟರ್ನೆಟ್ಟಿನಿಂದ ಇಳಿಸಿಕೊಂಡ ಕಡತ ದಾರಿಯಲ್ಲಿ ಕೆಟ್ಟಿಲ್ಲ ಎಂದು ನೋಡಲು ಒಂದು ಉದ್ದನೆಯ ಅಕ್ಷರ, ಅಂಕಿಗಳ ಸಾಲನ್ನು ನನ್ನಿಂದ ಒಂದೊಂದಾಗಿ ಓದಿಸಿದಳು. ಫೋನಿನ ಗುರುತಿನ ನಂಬರು ಇರುವ ಭಾಗವನ್ನು ಬೇರೆಯಾಗಿ ನಕಲು ಮಾಡಿಟ್ಟಳು. ಈ ಫೋನಿಗೆ ಕರ್ನಲ್ ಒಂದೇ ಸಾಲದು, ಫರ್ಮ್‌ವೇರನ್ನೂ ಬದಲಿಸಬೇಕು ಎಂದಳು.

“ಅಕ್ಕ, ಎಲ್ಲಾ ತೆಗೆದಿಟ್ಕಂಡಿದ್ದೀರಲ್ಲ? ಒಪ್ಪಿಗೆನಾ? ಹಂಗಾರೆ ನೀವೇ ಒತ್ತಿ.”

ನಾನೇ ಒತ್ತಿದೆ. ಗೆರೆ ತುಂಬತೊಡಗಿತು. ಅತ್ತೆ ಮಣೆ ಎಳೆದುಕೊಂಡು ಕೂತರು. ಅಷ್ಟು ಹೊತ್ತು, ಆ ಒಂದಷ್ಟು ಹೊತ್ತು ಮಾತ್ರ, ನಾವು ಮೂವರೂ ಒಂದೇ ಕಡೆ ನೋಡುತ್ತಿದ್ದೆವು.

ಮೈದುನ ಅಂಗಡಿಯಿಂದ ಬಂದು ಊಟಕ್ಕಿಕ್ಕು ಎಂದ. ನಾನು ಎದ್ದೆ. ನೀನು ಕೂತುಕೋ ಅತ್ತಿಗೆ, ಅವಳು ಇಕ್ಕಲಿ ಎಂದ. ಅವಳು ಪರದೆಯಿಂದ ಕಣ್ಣು ತೆಗೆಯದೆ, “ಒಂಚೂರು ತಡೀರಿ. ಈಗ ಏಳಂಗಿಲ್ಲ” ಅಂದಳು.

ಅವನು ಬಗ್ಗಿ ಕೇಬಲ್ಲನ್ನು ಕಿತ್ತ.

ಫೋನಿನ ಪರದೆ ಕಪ್ಪಾಯಿತು. ಅತ್ತೆ ಮೆಲ್ಲಗೆ, “ಗೆರೆ ಅರ್ಧಕ್ಕೇ ನಿಂತೋಯ್ತಲ್ಲಪ್ಪ...” ಅಂದರು. ಕೇಬಲ್ಲು ಹಿಡಿದು ನಿಂತಿದ್ದ ಮೈದುನನ ಮುಖವನ್ನು ನಾನು ನೋಡಿದೆ. ಅದು ಸಿಟ್ಟಲ್ಲ. ಹೆಂಡತಿಗೆ ತಿಳಿದಿರುವುದು ತನಗೆ ತಿಳಿಯದ ಸಂಕಟ. ಪಾತ್ರೆ ಕುಕ್ಕುವಾಗ ನನ್ನ ಮುಖವೂ ಹೀಗೇ ಇದ್ದಿರಬೇಕು ಅನ್ನಿಸಿತು.

ಅವಳು ಎದ್ದು ಕೈ ತೊಳೆದು ಅವನಿಗೆ ಬಡಿಸಿದಳು. ಅವನು ಉಂಡು ಎದ್ದ ಮೇಲೆ ಬಂದು ಫೋನನ್ನು ಕೈಗೆತ್ತಿಕೊಂಡಳು. ಎಷ್ಟು ಒತ್ತಿದರೂ ಅದು ಮಿಸುಕಲಿಲ್ಲ. ಕರ್ನಲ್ ಮಾತ್ರ ಅರ್ಧವಾಗಿದ್ದರೆ ಮತ್ತೆ ಹಾಕಬಹುದಿತ್ತು. ಎಬ್ಬಿಸುವ ಫರ್ಮ್‌ವೇರೇ ಅರ್ಧಕ್ಕೆ ನಿಂತದ್ದರಿಂದ ಅದಕ್ಕೆ ಏಳುವುದೇ ಮರೆತುಹೋಗಿತ್ತು. ಹೋಗಲಿ ಬಿಡು ಎಂದೆ. ಅವಳು ಇಲ್ಲವೆಂದು ತಲೆಯಾಡಿಸಿದಳು.

ಆ ವಾರವೆಲ್ಲ ಅಡುಗೆ ಮಾಡುತ್ತಿದ್ದಳು, ಬಡಿಸುತ್ತಿದ್ದಳು, ಗಂಡನ ಜೊತೆ ಒಂದು ಮಾತೂ ಆಡುತ್ತಿರಲಿಲ್ಲ. ಉಳಿದ ಹೊತ್ತು ನನ್ನ ಫೋನಿನ ಬೆನ್ನು ಬಿಚ್ಚಿಕೊಂಡು ಕೂರುತ್ತಿದ್ದಳು. ಆ ದೂರದ ಮನುಷ್ಯ ಒಂದು ಕಡತ ಕಳಿಸಿಕೊಟ್ಟನಂತೆ. ಒಳಗಿನ ಸರ್ಕ್ಯೂಟ್ ಹಲಗೆಯ ಮೇಲೆ ಎರಡು ಲೋಹದ ಚುಕ್ಕಿಗಳಿದ್ದವು. ಚಿಮುಟದಿಂದ ಅವೆರಡನ್ನೂ ಒಟ್ಟಿಗೆ ಮುಟ್ಟಿ ಕೇಬಲ್ಲು ಚುಚ್ಚಿದರೆ ಸತ್ತ ಫೋನೂ ಕಂಪ್ಯೂಟರಿನ ಕೂಗಿಗೆ ಓಗೊಡುತ್ತದಂತೆ. ಎಲ್ಲ ಫೋನಿನಲ್ಲೂ ಆಗುವುದಿಲ್ಲವಂತೆ. ನನ್ನದು ಓಗೊಟ್ಟಿತು. ಶನಿವಾರ ಸಂಜೆ ಅದನ್ನು ತಂದು ನನ್ನ ಕೈಗಿಟ್ಟಳು.

“ನಂಬರು ಎಲ್ಲಾ ಸರಿಯಾಗವೆ, ನೋಡ್ಕಳಿ ಅಕ್ಕ. ನಾಳೆ ನಾನು ಊರಿಗೆ ಓಯ್ತಿದ್ದೀನಿ. ಮತ್ತೆ ಬರಲ್ಲ. ಇದೊಂದು ಬಾಕಿ ಇತ್ತು.”

ಕೇಬಲ್ಲು ಕಿತ್ತ ದಿನವೇ ಅವಳು ಮನಸ್ಸಿನಲ್ಲಿ ಹೊರಟುಬಿಟ್ಟಿದ್ದಳು. ನನ್ನ ಫೋನಿಗಾಗಿ ಒಂದು ವಾರ ಉಳಿದಿದ್ದಳು, ಅಷ್ಟೆ. ಮೈದುನ ಮಾರನೇ ಬೆಳಿಗ್ಗೆಯೇ ಅಂಗಡಿಗೆ ಹೋಗಿಬಿಟ್ಟ. ಅತ್ತೆ ಅವಳ ತಲೆ ಬಾಚಿ ಹೂವು ಮುಡಿಸಿ ಕಳಿಸಿದರು, ಉಳಿಯೆಂದು ಅನ್ನಲಿಲ್ಲ. ಅರಕಲಗೂಡಿನಲ್ಲಿ ಕೆಲಸವಿದೆ ಎಂದು ಹೇಳಿ ನಾನೂ ಅವಳ ಜೊತೆ ಬಸ್ಸು ಹತ್ತಿದೆ.

ದಾರಿಯಲ್ಲಿ ಇಬ್ಬರೂ ಕಿಟಕಿಯಾಚೆಯ ಶುಂಠಿ ಹೊಲಗಳನ್ನು ನೋಡುತ್ತ ಕೂತಿದ್ದೆವು. ಅರಕಲಗೂಡು ಹತ್ತಿರವಾದಾಗ ನಾನೇ ಬಾಯಿಬಿಟ್ಟೆ.

“ನಿನ್ನ ಕಂಡ್ರೆ ನಂಗೆ ಹೊಟ್ಟೆಕಿಚ್ಚು ಕಣಮ್ಮಿ. ಮೊದಲ ದಿನದಿಂದ್ಲೂ.”

“ಗೊತ್ತು ಅಕ್ಕ” ಅಂದಳು. ಕಿಟಕಿಯಿಂದ ನನ್ನ ಕಡೆ ತಿರುಗಿ, “ನಂಗೂ ನಿಮ್ಮೇಲೆ ಇತ್ತು” ಅಂದಳು.

ನನ್ನಲ್ಲಿ ಏನು ಕಂಡು ಎಂದು ಕೇಳಿದೆ. ನಗುವೂ ಬಂತು ನನಗೆ.

“ನೀವು ಫೋನಲ್ಲಿ ಮಾತಾಡ್ತಾ ಇದ್ರೆ, ಯಾರದು ಅಂತ ಭಾವ ಒಂದಿನಾನೂ ಕೇಳಿದ್ದು ನಾನು ನೋಡ್ನಿಲ್ಲ.”

ಅದು ನನಗೆ ಹೊಳೆದೇ ಇರಲಿಲ್ಲ. ನಮ್ಮವರು ಹೈಸ್ಕೂಲು ಮೇಷ್ಟ್ರು, ಪಾಪದ ಮನುಷ್ಯ. ನನ್ನ ಫೋನು ಬಡಿದುಕೊಂಡರೆ ತಂದು ಕೈಗೆ ಕೊಟ್ಟು ಹೋಗುವವರು. ಅದು ಒಬ್ಬಳ ಕಣ್ಣಿಗೆ ಬೀಳುವ ಭಾಗ್ಯವೆಂದು ನಾನು ಎಣಿಸಿಯೇ ಇರಲಿಲ್ಲ... ಗೊರೂರಿನ ಮೇಲೆ ಹಾಸನಕ್ಕೆ ಹೋಗುವ ಬಸ್ಸು ಸಿದ್ಧವಾಗಿತ್ತು. ಅವಳ ಕೇಬಲ್ಲಿನ ಚೀಲವನ್ನು ನಾನೇ ಹತ್ತಿಸಿದೆ.

ಆಮೇಲೆ ಹಿರಿಯರು ಸೇರಿದರು, ಮಾತಾಯಿತು, ಸಂಬಂಧ ಹರಿಯಿತು. ಮೈದುನನಿಗೆ ಇನ್ನೊಂದು ಮದುವೆಯಾಯಿತು. ಹೊಸದಾಗಿ ಬಂದವಳು ಒಳ್ಳೆಯ ಹುಡುಗಿ, ನನ್ನನ್ನು ಅಕ್ಕ ಅನ್ನುತ್ತಾಳೆ. ನಮ್ಮವರಿಗೆ ವರ್ಗವಾಗಿ ನಾವು ಚನ್ನರಾಯಪಟ್ಟಣಕ್ಕೆ ಬಂದೆವು. ಅತ್ತೆಯ ಫೋನಿನಲ್ಲಿ ಏನಾದರೂ ಬರದೆ ಹೋದರೆ ಈಗ ಮತ್ತೆ ನನ್ನನ್ನೇ ಕೇಳುತ್ತಾರೆ. ನಾನು ಹೇಳುತ್ತೇನೆ. ಅವರು ಸರಿ ಕಣವ್ವ ಎಂದು ಇಟ್ಟುಬಿಡುತ್ತಾರೆ. ಅವಳ ಹೆಸರನ್ನು ಆ ಮನೆಯಲ್ಲಿ ಯಾರೂ ಎತ್ತುವುದಿಲ್ಲ.

ಹೋದ ತಿಂಗಳು ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಅವಳನ್ನು ಕಂಡೆ. ಹೊಳೆನರಸೀಪುರದ ಬಸ್ಸು ಹೊರಟಿತ್ತು, ಕಿಟಕಿಯ ಪಕ್ಕ ಕೂತಿದ್ದಳು. ಕೂದಲು ಕತ್ತರಿಸಿಕೊಂಡಿದ್ದಳು. ಯಾರ ಜೊತೆಗೋ ಫೋನಿನಲ್ಲಿ ಮಾತಾಡುತ್ತ, ತಲೆ ಹಿಂದಕ್ಕೆ ಚೆಲ್ಲಿ ಜೋರಾಗಿ ನಗುತ್ತಿದ್ದಳು. ಓಡಿಹೋಗಿ ಕಿಟಕಿ ತಟ್ಟಬೇಕು ಅನ್ನಿಸಿತು. ಅಷ್ಟರಲ್ಲಿ ಬಸ್ಸು ತಿರುಗಿತು. ಪಕ್ಕದಲ್ಲಿದ್ದ ಹೆಂಗಸು, ಪರಿಚಯದವರಾ ಎಂದು ಕೇಳಿದರು. ಓರಗಿತ್ತಿ ಅನ್ನಲು ಹೋದೆ. ಆ ಮಾತು ಈಗ ಬೇರೆಯವಳಿಗೆ ಸೇರಿದ್ದು. ಗಂಡಂದಿರ ಕಡೆಯಿಂದ ಬಂದ ಸಂಬಂಧ, ಆ ಕಡೆಯಿಂದಲೇ ಹೋಯಿತು. ಹೌದು, ಗೊತ್ತಿರುವವರು ಎಂದಷ್ಟೇ ಹೇಳಿದೆ.

ಮನೆಗೆ ಬರುವ ದಾರಿಯುದ್ದಕ್ಕೂ ಆ ನಗು ನೆನಪಾಗಿ ಹೊಟ್ಟೆಯಲ್ಲಿ ಹಳೆಯ ಕಿಚ್ಚು ಸಣ್ಣಗೆ ಉರಿಯಿತು. ನಾನು ಹಾಗೆ ನಕ್ಕು ಎಷ್ಟು ಕಾಲವಾಯಿತೋ... ಆ ಕಿಚ್ಚನ್ನು ಆರಿಸಲು ನಾನು ಹೋಗಲಿಲ್ಲ. ಅವಳಿಗೂ ನನಗೂ ಇನ್ನು ಉಳಿದಿರುವುದು ಅದೊಂದೇ.